ಗಾರೆ ಕೆಲಸದವರ ಮಕ್ಕಳ ಡಿಗ್ರಿ: ಎಲ್ಲಿ ಶುರುವಾಯಿತು, ಎಲ್ಲಿ ಸಿಕ್ಕಿಕೊಂಡಿದೆ

ಸ್ಕಾಲರ್‌ಶಿಪ್ ಬಂದಿಲ್ಲ. ಅತಿಥಿ ಉಪನ್ಯಾಸಕರ ಮುಷ್ಕರ. ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಅನ್ನೋ ಗೊಂದಲ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುತ್ತಾರಂತೆ ಅನ್ನೋ ಮಾತು. ಪೇಪರಿನಲ್ಲಿ ಇವೆಲ್ಲ ಬೇರೆ ಬೇರೆ ಸುದ್ದಿ. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಓದುವ ಕೂಲಿಯವರ ಮಗಳಿಗೆ ಮಾತ್ರ ಇವು ಒಂದೇ ಸಲ ಬಂದು ತಲೆ ಮೇಲೆ ಬೀಳುತ್ತವೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಆಗ ಹಳ್ಳಿಯಿಂದ ಬಂದ ಹುಡುಗನ ಮೊದಲ ಚಿಂತೆ ಊಟ. ವಾರಾನ್ನ ಅಂತ ಒಂದು ಪದ್ಧತಿ ಇತ್ತು, ದಿನಕ್ಕೊಂದು ಮನೆಯಂತೆ ಏಳು ದಿನಕ್ಕೆ ಏಳು ಮನೆ. ಆದರೆ ಆ ಮನೆಗಳಲ್ಲಿ ಎಲ್ಲರಿಗೂ ಎಲೆ ಹಾಕುತ್ತಿರಲಿಲ್ಲ, ಜಾತಿ ನೋಡಿಯೇ ಹಾಕುತ್ತಿದ್ದರು. 1918ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸ, ಓದಿನಲ್ಲಿ ಪಾಲು ಕೊಡುವ ಬಗ್ಗೆ ನೋಡಲು ಮಿಲ್ಲರ್ ಸಮಿತಿ ಬಂತು, 1944ರಲ್ಲಿ ದಲಿತ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಬಂತು. ಸಿದ್ಧಗಂಗೆಯಂಥ ಮಠಗಳು ಊಟ, ವಸತಿ ಕೊಟ್ಟು ಸಾವಿರಾರು ಬಡ ಮಕ್ಕಳನ್ನು ಓದಿಸಿದವು. ದೇವರಾಜ ಅರಸು ಕಾಲದಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಮೀಸಲಾತಿ ಜೊತೆಗೆ ಹಾಸ್ಟೆಲ್ ಕೂಡ ಬೇಕು ಅನ್ನೋದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮಕ್ಕಳ ಬಿಸಿಎಂ ಹಾಸ್ಟೆಲ್ ಅನ್ನೋ ಹೆಸರು ಮನೆಮಾತಾಯಿತು.

ಆಮೇಲಿನ ಇಪ್ಪತ್ತು ವರ್ಷದ ಜಗಳವೆಲ್ಲ ಎಂಜಿನಿಯರಿಂಗ್, ಮೆಡಿಕಲ್ ಸೀಟಿನದ್ದು. ಸೀಟಿಗೆ ಡೊನೇಶನ್ ತೆಗೆದುಕೊಳ್ಳುವುದನ್ನು ತಡೆಯುವ 1984ರ ಕ್ಯಾಪಿಟೇಶನ್ ವಿರೋಧಿ ಕಾಯ್ದೆ, ಅಂಥ ಡೊನೇಶನ್ ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ 1992ರ ಮೋಹಿನಿ ಜೈನ್ ತೀರ್ಪು, ಎಲ್ಲರಿಗೂ ಒಂದೇ ಪ್ರವೇಶ ಪರೀಕ್ಷೆ ತಂದ 1994ರ ಸಿಇಟಿ. ಅವೆಲ್ಲ ಬೇಕಿತ್ತು, ಇಲ್ಲ ಅನ್ನಲ್ಲ. ಆದರೆ ಕೂಲಿಯವರ ಮಕ್ಕಳು ಜಾಸ್ತಿ ಸೇರುವುದು ಬಿಎ, ಬಿಕಾಂಗೆ. ಆ ಕಡೆ ಯಾರ ಕಣ್ಣೂ ಅಷ್ಟಾಗಿ ಹೋಗಲಿಲ್ಲ.

2000ದ ನಂತರ ತಾಲ್ಲೂಕು, ಹೋಬಳಿಗಳಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತೆರೆದವು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದೇ ದೊಡ್ಡ ತಿರುವು. ಊರು ಬಿಡದೆ, ಸಾಲ ಮಾಡದೆ ಡಿಗ್ರಿ ಸೇರಬಹುದು ಅಂತಾಯಿತು. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಿದ ಹೆಣ್ಣುಮಕ್ಕಳು ಎಷ್ಟೋ ಊರುಗಳಲ್ಲಿ ಇಂಥ ಕಾಲೇಜಿಂದಲೇ ಬಂದವರು.

ನಾನು ಸೇರಿದ್ದೂ ಆ ಹೊತ್ತಿನಲ್ಲೇ. ಅಪ್ಪ ಗಾರೆ ಕೆಲಸ. ಊರಿಂದ ಬೆಳಿಗ್ಗೆ ಒಂದೇ ಬಸ್ಸು, ಅದು ತಪ್ಪಿದರೆ ಮೊದಲ ಎರಡು ಪೀರಿಯಡ್ ಹೋದ ಹಾಗೆ. ಪಿಯುಸಿ ತನಕ ಕನ್ನಡದಲ್ಲಿ ಓದಿ ಬಿಕಾಂಗೆ ಬಂದರೆ ಬೋರ್ಡಿನ ಮೇಲೆ ಎಲ್ಲ ಇಂಗ್ಲಿಷ್. ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್. ಅರ್ಥ ಆಗದೆ ಮಗ್ಗಿ ತರ ಬಾಯಿಪಾಠ ಮಾಡಿದೆ. ಆಮೇಲೊಂದು ಶನಿವಾರ ಅಪ್ಪ ಬಟವಾಡೆ ಮುಗಿಸಿ ಬಂದು ಜೇಬಿನ ಪುಟ್ಟ ಪುಸ್ತಕ ತೆಗೆದು ಬರೆಯುತ್ತಾ ಕೂತಿದ್ದರು. ಎಡಗಡೆ ಮೇಸ್ತ್ರಿ ಕೊಟ್ಟಿದ್ದು, ಬಲಗಡೆ ಎಷ್ಟು ಆಳು, ಎಷ್ಟು ದಿನ, ಕೆಳಗೆ ಬಾಕಿ. ತಿಂಗಳುಗಟ್ಟಲೆ ತಲೆಗೆ ಹೋಗದಿದ್ದ ಲೆಕ್ಕ ಅಲ್ಲಿ ಕಾಣಿಸಿತು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಇಂಥ ಲೆಕ್ಕದಿಂದಲೇ ಪಾಠ ಶುರು ಮಾಡಿದ್ದರೆ ನಮ್ಮ ಕ್ಲಾಸಿನಲ್ಲಿ ಅಷ್ಟು ಜನ ಮೊದಲ ಸೆಮಿಸ್ಟರ್‌ನಲ್ಲೇ ಫೇಲ್ ಆಗುತ್ತಿರಲಿಲ್ಲ ಅಂತ ಈಗಲೂ ಅನಿಸುತ್ತದೆ.

ಮದುವೆ ಸೀಸನ್ ಬಂದರೆ ನಾವು ಹುಡುಗರು ಬಡಿಸೋಕೆ ಹೋಗುತ್ತಿದ್ದೆವು. ಆರತಕ್ಷತೆ ಊಟ ಮುಗಿಸಿ, ಪಾತ್ರೆ ಲಾರಿಗೆ ಹಾಕಿ, ಮನೆ ತಲುಪುವಾಗ ರಾತ್ರಿ ಒಂದು ಗಂಟೆ. ಮಾರನೇ ದಿನ ಕ್ಲಾಸಿಗೆ ಹೋಗದೆ ಮಲಗಿದರೆ ಅಟೆಂಡೆನ್ಸ್ ಶಾರ್ಟೇಜ್. 75 ಪರ್ಸೆಂಟ್ ನಿಯಮ ಎಲ್ಲರಿಗೂ ಒಂದೇ. ಆದರೆ ದುಡಿಯುತ್ತಾ ಓದುವವರಿಗೆ ದಿನ ಒಂದೇ ಥರ ಇರಲ್ಲ ಅಲ್ವಾ?

ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಅಂತ ವಿದ್ಯಾಸಿರಿ ಸಹಾಯಧನ ಬಂತು, ಆಗ ತಿಂಗಳಿಗೆ 1,500 ರೂಪಾಯಿ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನವೂ ಇತ್ತು. 1996ರ ಕಾಯ್ದೆ ಪ್ರಕಾರ ಕಟ್ಟಡ ಕಟ್ಟಿಸುವವರು ಕೊಡುವ ಸೆಸ್ಸಿನ ಹಣ ಅದು, ಅಂದರೆ ಅಪ್ಪ ಅಮ್ಮ ಇಟ್ಟಿಗೆ ಹೊತ್ತ ಕಟ್ಟಡದಿಂದಲೇ ಬಂದ ದುಡ್ಡು. ಲೇಬರ್ ಕಾರ್ಡ್ ಇದ್ದರೆ ಮಕ್ಕಳ ಫೀಸು, ಪುಸ್ತಕ ಹೇಗೋ ನಡೆಯುತ್ತಿತ್ತು. 2023ರಲ್ಲಿ ಆ ಮೊತ್ತ ಭಾರೀ ಇಳಿಯಿತು. ನಕಲಿ ಕಾರ್ಡುಗಳು ಜಾಸ್ತಿಯಾಗಿವೆ ಅನ್ನೋ ಮಾತೂ ಜೊತೆಗೆ ಬಂತು, ವಿಷಯ ಹೈಕೋರ್ಟಿಗೂ ಹೋಯಿತು. ನಕಲಿ ಕಾರ್ಡು ತಡೆಯಲೇಬೇಕು. ಆದರೆ ವರ್ಷದ ಮಧ್ಯದಲ್ಲಿ ದುಡ್ಡು ಕಡಿಮೆಯಾದಾಗ ಕಾಲೇಜು ಬಿಡಬೇಕಾಗುವುದು ನಿಜವಾದ ಕಾರ್ಮಿಕರ ಮಕ್ಕಳೇ.

ಇದೇ ವರ್ಷಗಳಲ್ಲಿ ಉಳಿದದ್ದೂ ಬಂತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ಡಿಗ್ರಿ ನಾಲ್ಕು ವರ್ಷ ಅಂದರು. 2024ರಲ್ಲಿ ಮತ್ತೆ ಮೂರು ವರ್ಷ. ಇನ್ನೊಂದು ವರ್ಷ ಓದಿದರೆ ಮಗ ಯಾವಾಗ ಕೆಲಸಕ್ಕೆ ಸೇರುತ್ತಾನೆ ಅಂತ ಲೆಕ್ಕ ಹಾಕುವ ಮನೆಗೆ ಇದು ಸಣ್ಣ ವಿಷಯವಲ್ಲ. ಈ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ನಡೆಸುವವರು 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. 2021ರಲ್ಲಿ, ಮತ್ತೆ 2023ರ ಕೊನೆಗೆ ಅವರು ಮುಷ್ಕರಕ್ಕೆ ಕೂತಾಗ ಎಷ್ಟೋ ಕಡೆ ಪಾಠ ನಿಂತೇ ಹೋಯಿತು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಹಣ ಇದ್ದವರ ಮಕ್ಕಳು ಟ್ಯೂಷನ್ನಿಗೆ ಹೋದರು, ಇಲ್ಲದವರು ಕಾಲೇಜಿಗೆ ಬಂದು ಸುಮ್ನೆ ಕೂತು ವಾಪಸ್ ಹೋದರು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಶಿಫಾರಸು ಬಂತು. ಒಳ್ಳೆಯದೂ ಒಂದಾಗಿದೆ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ. ದೂರದ ಕಾಲೇಜಿಗೆ ಕಳಿಸೋಕೆ ಹಿಂದೆಮುಂದೆ ನೋಡುತ್ತಿದ್ದ ಮನೆಗಳಿಗೆ ಇದರಿಂದ ಧೈರ್ಯ ಬಂದಿದ್ದನ್ನು ನಮ್ಮೂರಲ್ಲೇ ನೋಡಿದ್ದೇನೆ.

ಮೊನ್ನೆ ಪಕ್ಕದ ಮನೆಯ ಹುಡುಗಿ, ಬಿಎ ಎರಡನೇ ವರ್ಷ, ಫೋನ್ ಹಿಡಿದುಕೊಂಡು ಬಂದಳು. 'ಅಣ್ಣಾ, ಇದೇನ್ ತೋರಿಸ್ತಿದೆ ನೋಡಿ.' ಸ್ಕಾಲರ್‌ಶಿಪ್ ಪೋರ್ಟಲ್. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಅಂದರೆ ಆಧಾರ್ ಜೋಡಿಸಿಲ್ಲ ಅಂತಿತ್ತು. ಬ್ಯಾಂಕ್ ತೆರೆಯುವುದು ಹತ್ತಕ್ಕೆ, ಅವಳ ಕ್ಲಾಸೂ ಹತ್ತಕ್ಕೆ, ಆ ವಾರ ಬೇರೆ ಇಂಟರ್ನಲ್ಸ್. ಅವಳ ಬದಲು ಅಮ್ಮ ಒಂದು ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಹೋದರು. ಖಾತೆ ಯಾರದ್ದೋ ಅವರೇ ಬರಬೇಕು ಅಂತ ವಾಪಸ್ ಕಳಿಸಿದರಂತೆ.