ಕಬ್ಬಿನ ಸಿಪ್ಪೆಯ ಬೋರ್ಡ್: ಬೆಂಡು ಬೇರೆಯಾದರೆ ಹಲಗೆ ಗಟ್ಟಿ

ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಅರ್ಧ ಬರೀ ನೀರು. ಮಂಡ್ಯವಿರಲಿ, ಬೆಳಗಾವಿಯಿರಲಿ, ಸಕ್ಕರೆ ಕಾರ್ಖಾನೆಗಳಲ್ಲಿ ಇದರ ಬಹುಪಾಲು ಬಾಯ್ಲರ್‌ಗೆ ಹೋಗುತ್ತದೆ. ಆದರೆ ಇದೇ ಸಿಪ್ಪೆಯಿಂದ ಕಪಾಟು, ಮೇಜುಗಳಿಗೆ ಒಗ್ಗುವ ಪಾರ್ಟಿಕಲ್ ಬೋರ್ಡ್, ಅಂದರೆ ಚೂರುಗಳಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಮಾಡಬಹುದು. ಅಮೆರಿಕದ ಲೂಸಿಯಾನಾದಲ್ಲಿ 1920ರ ದಶಕದಲ್ಲೇ ಸೆಲೊಟೆಕ್ಸ್ ಕಂಪನಿ ಸಿಪ್ಪೆಯ ನಾರಿನಿಂದ ಶಾಖನಿರೋಧಕ ಹಲಗೆ ತಯಾರಿಸುತ್ತಿತ್ತು.

ಸಿಪ್ಪೆಯಲ್ಲಿ ಎರಡು ಭಾಗ: ಹೊರಗಿನ ಗಟ್ಟಿ ನಾರು, ಒಳಗಿನ ಮೆತ್ತನೆಯ ಬೆಂಡು. ಒಣ ತೂಕದ ಸುಮಾರು ಮೂರನೇ ಒಂದರಷ್ಟು ಬೆಂಡೇ ಇರುತ್ತದೆ. ಅದು ಸ್ಪಂಜಿನಂತೆ ಅಂಟನ್ನೆಲ್ಲ ಹೀರಿಕೊಳ್ಳುತ್ತದೆ, ಬಲ ಮಾತ್ರ ಕೊಡುವುದಿಲ್ಲ. ಬೋರ್ಡಿಗೆ ನೀರು ತಗುಲಿದಾಗ ಮೊದಲು ಊದಿಕೊಳ್ಳುವುದೂ ಅದೇ. ಆದ್ದರಿಂದ ಸಿಪ್ಪೆ ಹಸಿಯಿರುವಾಗಲೇ ಹ್ಯಾಮರ್ ಮಿಲ್‌ನಲ್ಲಿ ಬಡಿದು, ಜರಡಿ ಹಿಡಿದು ಬೆಂಡನ್ನು ಬೇರ್ಪಡಿಸಬೇಕು. ಆ ಬೆಂಡು ಬಾಯ್ಲರ್‌ಗೆ ಹೋಗಲಿ, ಚೆನ್ನಾಗಿಯೇ ಉರಿಯುತ್ತದೆ. ಖರ್ಚು ಉಳಿಸಲೆಂದು ಈ ಹಂತವನ್ನು ಮೊಟಕುಗೊಳಿಸಿದರೆ ಮುಂದೆ ಎಷ್ಟು ಅಂಟು ಸುರಿದರೂ ಪ್ರಯೋಜನವಿಲ್ಲ.

ಅರೆಯುವ ಹಂಗಾಮು ಕೆಲವೇ ತಿಂಗಳು, ಬೋರ್ಡ್ ತಯಾರಿಕೆ ವರ್ಷಪೂರ್ತಿ. ಹಾಗಾಗಿ ದಾಸ್ತಾನು ಅನಿವಾರ್ಯ. ಉಳಿದ ಸಕ್ಕರೆ ಅಂಶ ಹುಳಿತು ರಾಶಿ ಬಿಸಿಯಾಗುತ್ತದೆ, ನಾರು ಕಪ್ಪಾಗುತ್ತದೆ. ಸಿಪ್ಪೆಯನ್ನು ಒತ್ತಿ ಕಟ್ಟಿದ ಬೇಲ್‌ಗಳ ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಬೂಷ್ಟು ಹಿಡಿದ ಸಿಪ್ಪೆಯ ಧೂಳು ಕೆಲಸಗಾರರಿಗೆ ಬಗಾಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ. ಅಲ್ಲಿ ಮಾಸ್ಕ್ ಕಡ್ಡಾಯ.

ನಾರನ್ನು 2–4% ತೇವಾಂಶಕ್ಕೆ ಒಣಗಿಸಿ, ನುಣ್ಣಗಿನದನ್ನು ಮೇಲ್ಪದರಕ್ಕೂ ದಪ್ಪನೆಯದನ್ನು ನಡುವಿಗೂ ವಿಂಗಡಿಸುತ್ತಾರೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನ ಒಣ ಅಂಶ, ಒಣ ನಾರಿನ ತೂಕಕ್ಕೆ, ನಡುವಿಗೆ 7–8%, ಮೇಲ್ಪದರಕ್ಕೆ 10–12%. ಜೊತೆಗೆ ಸುಮಾರು 1% ಮೇಣ. ಅಂಟು ಬೇಗ ಗಟ್ಟಿಯಾಗಲು ಅಮೋನಿಯಂ ಕ್ಲೋರೈಡ್. 8×4 ಅಡಿಯ 18 ಮಿ.ಮೀ. ಬೋರ್ಡು, ಘನಮೀಟರಿಗೆ 700 ಕೆ.ಜಿ. ಸಾಂದ್ರತೆಯಲ್ಲಿ ಸುಮಾರು 37 ಕೆ.ಜಿ. ತೂಗುತ್ತದೆ. ಅಂಚು ಕತ್ತರಿಸಿ, ಉಜ್ಜಿ ಹೋಗುವುದನ್ನೂ ಸೇರಿಸಿದರೆ ಅಂಥ ಒಂದು ಬೋರ್ಡಿಗೆ 100 ಕೆ.ಜಿ.ಗೂ ಹೆಚ್ಚು ಹಸಿ ಸಿಪ್ಪೆ ಬೇಕು.

ಅಂಟು ಬೆರೆತ ನಾರಿನ ಪದರಗಳನ್ನು ಬಿಸಿ ಪ್ರೆಸ್‌ನಲ್ಲಿ ಒತ್ತುತ್ತಾರೆ: 160–180 ಡಿಗ್ರಿ ಸೆಲ್ಸಿಯಸ್, ಚದರ ಸೆಂ.ಮೀ.ಗೆ 25–35 ಕೆ.ಜಿ. ಒತ್ತಡ, 4–6 ನಿಮಿಷ. ಮೇಲ್ಪದರ ತುಸು ತೇವವಾಗಿದ್ದರೆ ಅದರ ಹಬೆಯೇ ಬಿಸಿಯನ್ನು ಒಳಗೆ ಒಯ್ಯುತ್ತದೆ. ನಡುಪದರದಲ್ಲಿ ತೇವ ಹೆಚ್ಚಾದರೆ ಮಾತ್ರ ತೊಂದರೆ: ಹಬೆ ಒಳಗೇ ಸಿಕ್ಕಿಕೊಂಡು, ಪ್ರೆಸ್ ತೆರೆದ ಕೂಡಲೇ ಬೋರ್ಡು ಮಧ್ಯದಲ್ಲಿ ಸೀಳುತ್ತದೆ. ಕೊನೆಯಲ್ಲಿ ಒತ್ತಡವನ್ನು ಹಂತಹಂತವಾಗಿ ಇಳಿಸಬೇಕು. ಹೊರಬಂದ ಬೋರ್ಡುಗಳನ್ನು ಬಿಸಿಯಾಗಿಯೇ ಒಂದರ ಮೇಲೊಂದು ಪೇರಿಸಬಾರದು. ಆ ಶಾಖಕ್ಕೆ ಅಂಟು ಶಿಥಿಲವಾಗುತ್ತದೆ.

ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ನೀರನ್ನು ತಾಳದು. ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿಗಾದರೆ ಮೆಲಮೈನ್ ಬೆರೆಸಿದ ಅಂಟಿನ ಬೋರ್ಡನ್ನೇ ಕೇಳಿ. ಬಡಗಿ ಕತ್ತರಿಸಿದ ಪ್ರತಿ ಅಂಚಿಗೂ, ಕಣ್ಣಿಗೆ ಕಾಣದ ಹಿಂಬದಿಯ ಅಂಚಿಗೂ, ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ನೀರು ನುಗ್ಗುವುದು ಅಲ್ಲಿಂದಲೇ.