ಹುತ್ತ ಬಡಿದರೆ ಹಾವು ಸತ್ತೀತೇ?

ಇಸಿಜಿ ಪಟ್ಟಿಯಲ್ಲಿ ಒಂದೇ ಅಂತರದಲ್ಲಿ ಸಣ್ಣ ಚೂಪು ಗೆರೆಗಳು ಸಾಲಾಗಿ ಬರುತ್ತಿರುತ್ತವೆ. ನಡುವೆ ಹೊತ್ತಿಗೆ ಮುಂಚೆಯೇ ಅಗಲವಾದ, ಸೊಟ್ಟಗಿನ ಒಂದು ಅಲೆ ಏಳುತ್ತದೆ. ಆಮೇಲೆ ತುಸು ಉದ್ದದ ಬಿಡುವು, ಮತ್ತೆ ಮೊದಲಿನ ಲಯ. 'ಎದೆ ಧಸಕ್ ಅಂತು ಡಾಕ್ಟ್ರೇ' ಎಂದು ಕೆಲವರು ಹೇಳುವುದು ಇದನ್ನೇ. ಎಷ್ಟೋ ಮಂದಿಗೆ ಇದು ಗೊತ್ತೇ ಆಗುವುದಿಲ್ಲ.

ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಇಂಥ ಹೆಚ್ಚುವರಿ ಬಡಿತಗಳು ಜಾಸ್ತಿ ಇದ್ದರೆ ಹಠಾತ್ ಸಾವಿನ ಅಪಾಯವೂ ಜಾಸ್ತಿ ಎಂಬುದು 1980ರ ದಶಕದ ವೈದ್ಯರಿಗೆ ಚೆನ್ನಾಗಿ ತಿಳಿದಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಆ ಬಡಿತಗಳನ್ನು ಅಡಗಿಸುತ್ತಿದ್ದವು. ಬಡಿತ ಅಡಗಿತು ಅಂದಮೇಲೆ ಸಾವೂ ದೂರವಾಯಿತು ಎಂದು ನಂಬಿ ವೈದ್ಯರು ಮಾತ್ರೆ ಬರೆದರು. ಆ ಕಾಲದಲ್ಲಿ ಆ ಕುರ್ಚಿಯಲ್ಲಿ ಕುಳಿತಿದ್ದರೆ ನಾನೂ ಬರೆಯುತ್ತಿದ್ದೆ.

ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದು ಅಮೆರಿಕದಲ್ಲಿ ನಡೆದ 'ಕಾಸ್ಟ್' ಎಂಬ ಪ್ರಯೋಗ. ಮಾತ್ರೆಯಿಂದ ಬಡಿತ ನಿಜಕ್ಕೂ ಅಡಗುತ್ತದೆ ಎಂದು ಮೊದಲೇ ಖಾತ್ರಿಯಾದವರನ್ನಷ್ಟೇ ಆರಿಸಿದರು. ಅವರಲ್ಲಿ 755 ಜನರಿಗೆ ಈ ಎರಡರಲ್ಲಿ ಒಂದು ಔಷಧ, 743 ಜನರಿಗೆ ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಸರಾಸರಿ ಹತ್ತು ತಿಂಗಳು ಕಳೆಯುವಷ್ಟರಲ್ಲಿ ಹುಸಿ ಮಾತ್ರೆಯವರಲ್ಲಿ 26 ಮಂದಿ ತೀರಿಕೊಂಡಿದ್ದರು. ಔಷಧ ತೆಗೆದುಕೊಂಡವರಲ್ಲಿ 63 ಮಂದಿ. 1989ರ ಏಪ್ರಿಲ್‌ನಲ್ಲಿ ಈ ಎರಡೂ ಔಷಧಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಹೀಗೇಕಾಯಿತು? ಹೃದಯದ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಹರಿಯಲು ಸೋಡಿಯಂ ಕಣಗಳು ಜೀವಕೋಶದೊಳಗೆ ನುಗ್ಗಬೇಕು. ಈ ಔಷಧಗಳು ಆ ಬಾಗಿಲನ್ನು ಅರೆ ಮುಚ್ಚುತ್ತವೆ. ಹಾಗಾಗಿ ಬಿಡಿ ಬಡಿತಗಳು ಅಡಗುತ್ತವೆ, ಜತೆಗೆ ಸಂಕೇತದ ಓಟವೂ ನಿಧಾನವಾಗುತ್ತದೆ. ಆಘಾತದಲ್ಲಿ ಗಾಯಗೊಂಡ ಹೃದಯದಲ್ಲಿ ಸತ್ತ ಸ್ನಾಯುವಿನ ಕಲೆ ಇರುತ್ತದೆ. ನಿಧಾನವಾದ ಸಂಕೇತ ಆ ಕಲೆಯನ್ನು ಬಳಸಿಕೊಂಡು ಸುತ್ತಿ ಬರುವ ಹೊತ್ತಿಗೆ ಅದು ಹೊರಟ ಜಾಗದ ಸ್ನಾಯು ದಣಿವಾರಿಸಿಕೊಂಡು ಮತ್ತೆ ಮಿಡಿಯಲು ಸಿದ್ಧವಾಗಿರುತ್ತದೆ. ಸಂಕೇತ ಅದೇ ದಾರಿಯಲ್ಲಿ ಮತ್ತೊಂದು ಸುತ್ತು ಹೊಡೆಯುತ್ತದೆ, ಮಗದೊಂದು ಸುತ್ತು ಹೊಡೆಯುತ್ತದೆ. ಕೆಲವೇ ಕ್ಷಣಗಳಲ್ಲಿ ಹೃದಯ ರಕ್ತ ತಳ್ಳುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುತ್ತದೆ. ಸತ್ತವರಲ್ಲಿ ಎಷ್ಟೋ ಜನರ ಇಸಿಜಿ ಅದಕ್ಕೂ ಮೊದಲು ಅಚ್ಚುಕಟ್ಟಾಗಿ ಸುಧಾರಿಸಿತ್ತು ಎಂಬುದನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ರೋಗಿ ಎಷ್ಟು ಕಾಲ, ಎಷ್ಟು ಚೆನ್ನಾಗಿ ಬದುಕುತ್ತಾನೆ ಎಂದು ಅಳೆಯಲು ವರ್ಷಗಳು ಬೇಕು. ಅದರ ಬದಲು ಬೇಗ ಅಳೆಯಬಹುದಾದ ಇನ್ನೇನನ್ನೋ ಹಿಡಿದುಕೊಳ್ಳುತ್ತೇವೆ: ಗೆಡ್ಡೆಯ ಗಾತ್ರ, ಮೂಳೆಯ ಸಾಂದ್ರತೆ, ರಕ್ತದ ಯಾವುದೋ ಅಂಶ. ಇವನ್ನು ಬದಲಿ ಸೂಚಕಗಳು ಎನ್ನೋಣ. ಎಲ್ಲವೂ ಸುಳ್ಳಲ್ಲ. ರಕ್ತದೊತ್ತಡ ಇಳಿಸಿದರೆ ಪಾರ್ಶ್ವವಾಯು ಕಡಿಮೆಯಾಗುತ್ತದೆ ಎಂಬುದು ಹತ್ತಾರು ಪ್ರಯೋಗಗಳಲ್ಲಿ ಗಟ್ಟಿಯಾಗಿದೆ. ಎಚ್‌ಐವಿಯಲ್ಲಿ ರಕ್ತದೊಳಗಿನ ವೈರಸ್ ಇಳಿದರೆ ಜೀವ ಉಳಿಯುತ್ತದೆ. ಆದರೆ ಯಾವುದು ಹುತ್ತ, ಯಾವುದು ಹಾವು ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯ 10,251 ಜನರ ಮೇಲೆ ನಡೆದ 'ಅಕಾರ್ಡ್' ಪ್ರಯೋಗದಲ್ಲಿ ಎಚ್‌ಬಿಎ1ಸಿಯನ್ನು (ಎರಡು ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯ ಅಳತೆ) ಶೇಕಡಾ 6ಕ್ಕಿಂತ ಕೆಳಗಿಳಿಸಲು ಪಟ್ಟು ಹಿಡಿದ ಗುಂಪಿನಲ್ಲಿ 257 ಸಾವು, ಅಷ್ಟು ಬಿಗಿ ಮಾಡದ ಗುಂಪಿನಲ್ಲಿ 203. 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಿದರು.

ಇಲ್ಲಿಂದ ಮುಂದಿನದು ಆರೋಗ್ಯ ನೀತಿಯ ಪ್ರಶ್ನೆ. ಏಡ್ಸ್ ರೋಗಿಗಳು ಸಾಲಾಗಿ ಸಾಯುತ್ತಿದ್ದಾಗ ವರ್ಷಗಟ್ಟಲೆ ಕಾಯಿರಿ ಎನ್ನುವುದು ಕ್ರೂರವಾಗಿತ್ತು. ಆ ಒತ್ತಾಯದಿಂದಲೇ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 1992ರಲ್ಲಿ ತ್ವರಿತ ಅನುಮತಿಯ ದಾರಿ ತೆರೆಯಿತು. ಬದಲಿ ಸೂಚಕ ಸುಧಾರಿಸಿದರೆ ಈಗ ಮಾರಬಹುದು, ಆದರೆ ರೋಗಿಗೆ ನಿಜಕ್ಕೂ ಒಳಿತಾಗುತ್ತದೆಂದು ಆಮೇಲೆ ಸಾಬೀತು ಮಾಡಬೇಕು ಎಂಬ ಒಪ್ಪಂದ ಅದು. ಒಳ್ಳೆಯ ಒಪ್ಪಂದವೇ. ತೊಡಕಿರುವುದು 'ಆಮೇಲೆ' ಎಂಬ ಮಾತಿನಲ್ಲಿ.

ಆಲ್‌ಝೈಮರ್ಸ್ ಕಾಯಿಲೆಯ ಅಡುಕನುಮ್ಯಾಬ್ ಔಷಧವನ್ನೇ ನೋಡಿ. ಇದು ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಕರಗಿಸುತ್ತಿತ್ತು. ಸ್ಕ್ಯಾನ್ ಚಿತ್ರಗಳಲ್ಲಿ ಅದು ಎದ್ದು ಕಾಣುತ್ತಿತ್ತು. ಮರೆವು ನಿಧಾನವಾಯಿತೇ? ಎರಡು ದೊಡ್ಡ ಪ್ರಯೋಗಗಳು ಫಲವಿಲ್ಲವೆಂದು 2019ರಲ್ಲೇ ನಿಂತಿದ್ದವು. ಆಮೇಲೆ ಅಂಕಿಅಂಶಗಳನ್ನು ಮತ್ತೆ ಜಾಲಾಡಿದಾಗ ಒಂದರಲ್ಲಿ ಅಲ್ಪ ಲಾಭ ಕಂಡಿತು, ಇನ್ನೊಂದರಲ್ಲಿ ಅದೂ ಇಲ್ಲ. ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಮೂರರಲ್ಲೊಬ್ಬರಿಗೆ ಮಿದುಳಿನಲ್ಲಿ ಊತ ಕಂಡಿತ್ತು. ಈ ಸಾಕ್ಷ್ಯ ಸಾಲದು ಎಂದು ತಜ್ಞರ ಸಮಿತಿ ಹೇಳಿದ ಮೇಲೂ 2021ರ ಜೂನ್‌ನಲ್ಲಿ ಅಮಿಲಾಯ್ಡ್ ಇಳಿಕೆಯ ಆಧಾರದ ಮೇಲೆ ಅನುಮತಿ ಸಿಕ್ಕಿತು. ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. ವರ್ಷಕ್ಕೆ 56,000 ಡಾಲರ್ ಬೆಲೆ, ದೃಢೀಕರಿಸುವ ಪ್ರಯೋಗ ಮುಗಿಸಲು ಸುಮಾರು ಒಂಬತ್ತು ವರ್ಷ ಗಡುವು! ಹಿರಿಯರ ಚಿಕಿತ್ಸಾ ವೆಚ್ಚ ಭರಿಸುವ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಮಾತ್ರ ಹಣ ಕೊಡುತ್ತೇನೆಂದು ಕೈ ಬಿಗಿ ಮಾಡಿತು. 2024ರ ಆರಂಭದಲ್ಲಿ ಕಂಪನಿ ಔಷಧವನ್ನೇ ಕೈಬಿಟ್ಟಿತು.

ಅಮಿಲಾಯ್ಡ್ ಕರಗಿಸುವ ಇನ್ನೊಂದು ಔಷಧ ಲೆಕಾನೆಮ್ಯಾಬ್ ಕಾಯಿಲೆಯನ್ನು ತುಸು ನಿಧಾನಗೊಳಿಸಿದ್ದು ನಿಜ. ಒಂದೂವರೆ ವರ್ಷದ ಕೊನೆಗೆ, ನೆನಪು ಮತ್ತು ದಿನನಿತ್ಯದ ಬದುಕನ್ನು ಅಳೆಯುವ 18 ಅಂಕಗಳ ಮಾಪನದಲ್ಲಿ 0.45 ಅಂಕದ ವ್ಯತ್ಯಾಸ. ತಾಯಿ ಮಕ್ಕಳನ್ನು ಗುರುತಿಸುವುದರಲ್ಲಿ, ತಾನೇ ಸ್ನಾನ ಮಾಡಿಕೊಳ್ಳುವುದರಲ್ಲಿ ಇದು ಎಷ್ಟಾಗಿ ಕಾಣುತ್ತದೆ? ಮನೆಯವರು ಕೇಳುವುದು ಇದನ್ನೇ. ಸ್ಕ್ಯಾನ್ ತೋರಿಸಿ ಅವರಿಗೆ ಉತ್ತರ ಹೇಳಲಾಗದು.

ತ್ವರಿತ ಅನುಮತಿ ಬೇಡವೆಂದು ನಾನು ಹೇಳಲಾರೆ. ಬೇರೆ ದಾರಿಯೇ ಇಲ್ಲದ ರೋಗಿಗಳ ಮುಂದೆ ಕುಳಿತವರಾರೂ ಹಾಗೆ ಹೇಳಲಾರರು. ಆದರೆ ಅನುಮತಿ ಕೊಡುವ ದಿನಕ್ಕೇ ದೃಢೀಕರಣದ ಪ್ರಯೋಗ ಶುರುವಾಗಿರಬೇಕು. 2022ರ ಕೊನೆಯಲ್ಲಿ ಬಂದ ಅಮೆರಿಕದ ಕಾನೂನು ಹೀಗೆ ಕೇಳುವ ಅಧಿಕಾರವನ್ನು ಎಫ್‌ಡಿಎಗೆ ಕೊಟ್ಟಿದೆ. ಗಡುವು ಮೀರಿದರೆ ಅನುಮತಿ ತಾನಾಗಿ ರದ್ದಾಗಬೇಕು ಎಂಬುದನ್ನೂ ಅದಕ್ಕೆ ಸೇರಿಸಬೇಕು ಎಂದು ನನ್ನ ಒತ್ತಾಯ. ಔಷಧದ ಪೆಟ್ಟಿಗೆಯ ಮೇಲೆ 'ಇದರಿಂದ ಆಯುಷ್ಯ ಹೆಚ್ಚುತ್ತದೆಂದು ಇನ್ನೂ ಸಾಬೀತಾಗಿಲ್ಲ' ಎಂಬ ಸಾಲು ರೋಗಿ ಓದಬಲ್ಲ ಭಾಷೆಯಲ್ಲಿ, ಕನ್ನಡಕವಿಲ್ಲದೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಇರಬೇಕು.