ದನ ಕಾಡಲ್ಲಿ, ಒಡೆಯ ಊರಲ್ಲಿ

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿ ಮಾದಪ್ಪನ ವಾಹನ. ಅದೇ ಬೆಟ್ಟದಲ್ಲಿ ಹೀಗಾಯಿತಲ್ಲ ಅಂತ ಹೊಟ್ಟೆ ಉರಿಯಿತು.

ಆ ಪ್ರಕರಣವನ್ನು ಕೋರ್ಟು ನೋಡಿಕೊಳ್ಳುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಹಳೇ ಸಂಗತಿ ಎದ್ದು ಬಂತು. ಈ ಕಾಡಿನಲ್ಲಿ ಮೇಯುವ ದನಗಳಲ್ಲಿ ಎಷ್ಟೋ ಅಲ್ಲಿನವರದ್ದಲ್ಲ. ಗಡಿಯಾಚೆ ತಮಿಳುನಾಡಿನ ಒಡೆಯರು ತಮ್ಮ ದನಗಳನ್ನು ಇಲ್ಲಿನವರ ಕೈಗೆ ಕೊಟ್ಟು, ಕಾಯಲು ಕೂಲಿ ಕೊಡುತ್ತಾರೆ. ದನ ಹಗಲೆಲ್ಲ ಕಾಡಲ್ಲಿ ಮೇಯುತ್ತದೆ, ರಾತ್ರಿ ದೊಡ್ಡಿಯಲ್ಲಿ ನಿಲ್ಲುತ್ತದೆ. ಒಡೆಯ ಮಾತ್ರ ದೂರದ ಊರಲ್ಲೇ ಇರುತ್ತಾನೆ.

ಕಾಡಲ್ಲಿ ದನ ಕೂಡಿಹಾಕಿ ಮೇಯಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಪಕ್ಕದ ತಮಿಳುನಾಡಿನ ಅಂತಿಯೂರು ತಾಲ್ಲೂಕಿನ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ತಲೆತಲಾಂತರದಿಂದ ಇದನ್ನೇ ಮಾಡಿಕೊಂಡು ಬಂದವರು. ಕಂದು ಮೈಗೆ ಬಿಳಿ ಮಚ್ಚೆಯ ಬರಗೂರು ತಳಿ ಉಳಿದದ್ದು ಕಾಡಿನೊಳಗಿನ ಅಂಥ ದೊಡ್ಡಿಗಳಲ್ಲಿ. ಆದರೆ ಅಲ್ಲಿ ದನದ ಜೊತೆ ಮನೆಯವರ ಬದುಕೂ ಇತ್ತು. ಯಾವ ಹಸು ಗಬ್ಬ, ಯಾವುದು ಮೇವು ಬಿಟ್ಟಿದೆ, ಯಾವುದರ ಕಾಲು ಕುಂಟುತ್ತಿದೆ ಅಂತ ಸಾಕಿದವರಿಗೇ ಗೊತ್ತಿರುತ್ತಿತ್ತು.

ಮುಂದೆ ಲೆಕ್ಕಾಚಾರ ಬದಲಾಯಿತು. ಅದಕ್ಕೆ ಒಂದು ಕಾರಣ ಸಗಣಿ. ಬಂಡೀಪುರದ ಅಂಚಿನ ಹಳ್ಳಿಗಳ ಬಗ್ಗೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. 1990ರ ದಶಕದಲ್ಲಿ ಕಾಫಿ ಬೆಲೆ ಏರಿದಾಗ ತೋಟಗಳಿಗೆ ಕೊಟ್ಟಿಗೆ ಗೊಬ್ಬರ ಜಾಸ್ತಿ ಬೇಕಾಯಿತು. ಮೊದಲು ಸ್ವಂತ ಹೊಲಕ್ಕೆ ಹೋಗುತ್ತಿದ್ದ ಗೊಬ್ಬರ ಲೋಡುಗಟ್ಟಲೆ ಹೊರಗೆ ಮಾರಾಟವಾಗತೊಡಗಿತು. ಹಾಲು ಕೊಡದ, ಉಳುಮೆಗೂ ಬಾರದ ದನವೂ ಗೊಬ್ಬರದಿಂದಲೇ ದುಡ್ಡು ತರತೊಡಗಿತು. ಮೇವಿಗೆ ಖರ್ಚಿಲ್ಲ, ಕಾಡು ಇದೆಯಲ್ಲ!

ಗೊಬ್ಬರಕ್ಕಾಗಿಯೇ ಸಾಕಿದ ದನಕ್ಕೆ ಯಾರು ಬೂಸಾ ಹಾಕುತ್ತಾರೆ? ಒಂದು ಸತ್ತರೆ ಇನ್ನೊಂದು. ಕಾಯುವವನು ಬಡವ, ಡಾಕ್ಟರನ್ನು ಕರೆಸುವ ಶಕ್ತಿ ಅವನಿಗಿಲ್ಲ. ಒಡೆಯನಿಗೆ ದನ ಕಣ್ಣಿಗೇ ಬೀಳುವುದಿಲ್ಲ. ಈ ಇಬ್ಬರ ನಡುವೆ ಸೊರಗುವುದು ಬಾಯಿಲ್ಲದ ಜೀವ.

ರೋಗದ ಕತೆ ಇನ್ನೂ ಗಂಭೀರ. 1968ರಲ್ಲಿ ದೊಡ್ಡರೋಗ, ಅಂದರೆ ದನಗಳಿಗೆ ಬರುವ ರಿಂಡರ್‌ಪೆಸ್ಟ್ ಅನ್ನುವ ಸೋಂಕು ಬಂದು ಬಂಡೀಪುರ ಸೀಮೆಯ ಕಾಟಿಗಳ (ಕಾಡೆಮ್ಮೆಗಳ) ಹಿಂಡುಗಳು ನೆಲ ಕಚ್ಚಿದವು. ಲೋಕದಿಂದಲೇ ಆ ರೋಗ ಹೋಯಿತು ಅಂತ 2011ರಲ್ಲಿ ಘೋಷಣೆಯಾಯಿತು, ನಿಜ. ಆದರೆ ಕಾಲುಬಾಯಿ ಜ್ವರ ಹೋಗಿಲ್ಲ. ದನದಿಂದ ಕಾಡುಪ್ರಾಣಿಗೆ ಇಂಥ ರೋಗ ಹರಡಬಾರದು ಅಂತಲೇ ವನ್ಯಜೀವಿ ಕಾಯ್ದೆಗೆ 1991ರಲ್ಲಿ 33ಎ ಕಲಮು ಸೇರಿತು. ಲಸಿಕೆ ಹಾಕಿಸದ ದನವನ್ನು ಅಭಯಾರಣ್ಯದೊಳಗೆ ಮೇಯಲು ಬಿಡುವಂತಿಲ್ಲ ಅನ್ನುತ್ತದೆ ಅದು. ದನ ಎಲ್ಲಿದೆ ಅಂತಲೇ ವಿಚಾರಿಸದ ಒಡೆಯ ಲಸಿಕೆಯ ದಿನ ಹಿಂಡಿನ ಹತ್ತಿರ ಬರುತ್ತಾನಾ?

2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ದನ ಮೇಯಿಸುವುದನ್ನು ತಡೆಯಿತು. ಇಲ್ಲಿ ಹುಲಿಗಳ ಸಾವಿನ ನಂತರ, 2025ರ ಜುಲೈನಲ್ಲಿ, ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನಲ್ಲಿ ಮೇಯಿಸುವುದಕ್ಕೆ ತಡೆ ಹಾಕಲು ಅಧಿಕಾರಿಗಳಿಗೆ ಸೂಚಿಸಿದರು. ರೈತರು ವಿರೋಧಿಸಿದರು. ಅವರ ಸಂಕಟ ಸುಳ್ಳಲ್ಲ. ಕಾಡಂಚಿನಲ್ಲಿ ಎರಡು ಹಸು ಕಟ್ಟಿಕೊಂಡು ಬದುಕುವ ಮನೆಯನ್ನೂ, ಇನ್ನೊಬ್ಬರ ಹೆಗಲಿಗೆ ಹಿಂಡು ಹೊರಿಸಿ ಕುಳಿತವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಿದ್ದರೆ ಕಾನೂನು ಒಡೆಯನನ್ನು ಬಿಟ್ಟುಬಿಟ್ಟಿದೆಯಾ? ಇಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಸಾಕಿದ ಪ್ರಾಣಿಗೆ ಮೇವು, ನೀರು, ನೆರಳು ಕೊಡದೇ ಇರುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಅದನ್ನು ಬಿಟ್ಟುಬಿಡುವುದು, ಎರಡೂ ಅದರ 11ನೇ ಕಲಮಿನಲ್ಲಿ ಅಪರಾಧ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಓದುವವರು ಕಡಿಮೆ. ಹಿಂಸೆ ಆಗದಂತೆ ಒಡೆಯ ತಕ್ಕ ನಿಗಾ ಇಡದಿದ್ದರೆ ಅವನೇ ಅಪರಾಧ ಮಾಡಿದಂತೆ. ಅಂದರೆ 'ನಾನು ಅಲ್ಲಿರಲಿಲ್ಲ' ಅನ್ನುವ ಮಾತು ಅವನನ್ನು ಉಳಿಸುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೆ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಇದು ನಾಚಿಕೆಯ ವಿಷಯ. ಈ ಮೊತ್ತ ಬದಲಾಗಲೇಬೇಕು.

ಒಡೆಯ ಯಾರು ಅಂತ ಹುಡುಕುವುದು ಹೇಗೆ ಅಂತ ಕೇಳುವ ಕಾಲವೂ ಹೋಯಿತು. ದನಗಳ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕಿ, ಸಾಕುವವರ ವಿವರದ ಜೊತೆ ಸರ್ಕಾರದ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಕಾಲುಬಾಯಿ ಜ್ವರದ ಲಸಿಕೆಯ ಲೆಕ್ಕವೂ ಅದೇ ನಂಬರಿನಲ್ಲಿ ಸಿಗುತ್ತದೆ. ಓಲೆ ಇಲ್ಲದ ದನ ಸಿಕ್ಕರೆ ಕಾಯುವವನಿಗೆ ಬೈದು ಕಳಿಸುವ ಬದಲು, ಇದನ್ನು ನಿನಗೆ ಕೊಟ್ಟವರು ಯಾರಪ್ಪಾ ಅಂತ ಕೇಳಬಹುದು. ಓಲೆ ಇದ್ದರೆ ನಂಬರು ಬರೆದುಕೊಂಡು, ನೋಟಿಸನ್ನು ಕಾಡಿನ ದೊಡ್ಡಿಗಲ್ಲ, ಒಡೆಯನ ಮನೆ ಬಾಗಿಲಿಗೆ ಕಳಿಸಬಹುದು.